ಹಾರ್ವರ್ಡ್ ವಿದ್ಯಾಲಯದ ಉಗಮ ಮತ್ತು ಮೊದಲ ವರ್ಷಗಳು

ವಿದ್ಯಾಸಂಸ್ಥೆಯೊಂದರ ಚರಿತ್ರೆಯನ್ನು ಅದರ ಹೆಬ್ಬಾಗಿಲಿನ ಮೇಲೆ ಕೆತ್ತಿದ ಹೆಸರಿನಿಂದ ಆರಂಭಿಸುವುದು ರೂಢಿ. ಹೆಸರು ಕಣ್ಣಿಗೆ ಕಾಣುತ್ತದೆ. ಅದರ ಹಿಂದೆ ದುಡಿದ ಕೈಗಳು ಕಾಣುವುದಿಲ್ಲ. ನಮ್ಮ ನೆರೆಯ ಮಸ್ಕಿಯ ಬಂಡೆಯ ಮೇಲಿನ ಶಾಸನವು 1915ರಲ್ಲಿ ಬೆಳಕಿಗೆ ಬರುವವರೆಗೆ, ದೇಶದ ಉದ್ದಗಲಕ್ಕೂ ಧರ್ಮಲಿಪಿಗಳನ್ನು ಬರೆಸಿದ 'ದೇವಾನಾಂಪ್ರಿಯ'ನು ಅಶೋಕನೇ ಎಂಬ ಮಾತಿಗೆ ಶಾಸನದ ಆಧಾರ ದೊರೆತಿರಲಿಲ್ಲ. ಅಲ್ಲಿ ಜನರು ಮೊದಲು ಕಾರ್ಯವನ್ನು ಕಂಡರು, ಹೆಸರನ್ನು ಅನಂತರ ಅರಿತರು. ಅಮೆರಿಕದ ಹಾರ್ವರ್ಡ್ ವಿದ್ಯಾಲಯದ ವಿಷಯದಲ್ಲಿ ಇದು ತಿರುವುಮುರುವಾಗಿದೆ. ಹಾರ್ವರ್ಡ್ ಎಂಬ ಹೆಸರನ್ನು ಲೋಕವೆಲ್ಲ ಬಲ್ಲದು. ಆ ಹೆಸರು ಅಳಿಯದಂತೆ ಮೊದಲ ಇಪ್ಪತ್ತು ವರ್ಷ ಕಾಪಾಡಿದವರು ಯಾರು, ಅವರು ಹೇಗೆ ಕಾಪಾಡಿದರು ಎಂಬುದನ್ನು ಬಲ್ಲವರು ವಿರಳ.

ಇಂದು ಅಪಾರ ನಿಧಿಯನ್ನೂ ಅಗಾಧ ಗ್ರಂಥಭಂಡಾರವನ್ನೂ ಹೊಂದಿರುವ ಆ ಸಂಸ್ಥೆಯು ಒಂದು ಕಾಲಕ್ಕೆ ದನದ ದೊಡ್ಡಿಗಳ ನಡುವಿನ ಒಂದು ಮನೆಯಾಗಿತ್ತು. ಆರಂಭವಾದ ಮರುವರ್ಷವೇ ಅದರ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದು ನಿಂತ ಬಗೆಯನ್ನು ಗ್ರಾಮಾಂತರದ ವಿದ್ಯಾಸಂಸ್ಥೆಗಳಲ್ಲಿ ದುಡಿಯುವ ಶಿಕ್ಷಕರೂ ಅವುಗಳಿಗೆ ನೆರವಾಗುವ ದಾನಿಗಳೂ ಅರಿಯುವುದು ಪ್ರಯೋಜನಕರವೆಂದು ಭಾವಿಸಿ, ಆ ಕಥನವನ್ನು ಇಲ್ಲಿ ಸಂಕ್ಷೇಪವಾಗಿ ನಿವೇದಿಸಲಾಗಿದೆ.

ಕಾಡಿನ ಅಂಚಿನಲ್ಲಿ ಒಂದು ನಿರ್ಧಾರ

ಇಂಗ್ಲೆಂಡಿನ ರಾಜಧರ್ಮದ ಆಚರಣೆಗಳನ್ನು ಒಪ್ಪದ ಪ್ಯೂರಿಟನ್ ಪಂಥದ ಜನರು 1630ರಲ್ಲಿ ಜಾನ್ ವಿಂತ್ರಪನ ನಾಯಕತ್ವದಲ್ಲಿ ಸಮುದ್ರ ದಾಟಿ ಅಮೆರಿಕದ ಪೂರ್ವ ತೀರಕ್ಕೆ ಬಂದು ಮ್ಯಾಸಚೂಸೆಟ್ಸ್ ಕೊಲ್ಲಿಯ ವಸಾಹತನ್ನು ನೆಲೆಗೊಳಿಸಿದರು. ಆ ನೆಲ ಬರಿದಾಗಿರಲಿಲ್ಲ. ಅನಾದಿಯಿಂದ ಅಲ್ಲಿ ಮೂಲನಿವಾಸಿಗಳ ಕುಲಗಳು ಬಾಳಿಕೊಂಡಿದ್ದವು. ಬಂದವರಿಗೆ ಚಳಿಗಾಲ ಕಠಿನವಾಗಿತ್ತು, ಹೊಲಗಳು ಇನ್ನೂ ಹದಗೊಂಡಿರಲಿಲ್ಲ. ಆದರೂ ಅವರಲ್ಲಿ ವಿದ್ಯಾವಂತರ ಸಂಖ್ಯೆ ಅಸಾಧಾರಣವಾಗಿತ್ತು. 1646ಕ್ಕೆ ಮೊದಲು ಆ ಸೀಮೆಗೆ ಬಂದವರಲ್ಲಿ ಸುಮಾರು 130 ಮಂದಿ ಆಕ್ಸ್‌ಫರ್ಡ್ ಇಲ್ಲವೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳಲ್ಲಿ ಓದಿದವರು. ಈ ಪಂಡಿತ ಬೋಧಕರು ತೀರಿಹೋದ ಬಳಿಕ ಮುಂದಿನ ಪೀಳಿಗೆಗೆ ಧರ್ಮವನ್ನೂ ಶಾಸ್ತ್ರವನ್ನೂ ಹೇಳಿಕೊಡುವವರು ಯಾರು ಎಂಬ ಚಿಂತೆ ಅವರನ್ನು ಬಾಧಿಸುತ್ತಿತ್ತು.

ಈ ಚಿಂತೆಯ ಫಲವಾಗಿ 1636ರ ಅಕ್ಟೋಬರ್ 28ರಂದು ವಸಾಹತಿನ ಮಹಾಸಭೆಯು ಒಂದು ಶಾಲೆ ಅಥವಾ ಕಾಲೇಜಿಗಾಗಿ 400 ಪೌಂಡುಗಳನ್ನು ಮಂಜೂರು ಮಾಡಿತು. ಇನ್ನೂರು ಪೌಂಡು ಮರುವರ್ಷ, ಉಳಿದ ಇನ್ನೂರು ಕೆಲಸ ಮುಗಿದ ಮೇಲೆ ಎಂಬುದು ನಿರ್ಣಯ. ಆರು ವರ್ಷದ ಹಸುಳೆಯಂತಿದ್ದ ವಸಾಹತಿಗೆ ಇದು ಬಹು ದೊಡ್ಡ ಮೊತ್ತವಾಗಿತ್ತು. ಆಗ ನಮ್ಮ ಈ ದೋ ಆಬ್ ಪ್ರದೇಶವು ಬಿಜಾಪುರದ ಆದಿಲಶಾಹಿಗೆ ಸೇರಿತ್ತು. ಗೋಲಗುಮ್ಮಟವನ್ನು ಕಟ್ಟಿಸಿದ ಮುಹಮ್ಮದ್ ಆದಿಲಶಹನು ಪಟ್ಟದ ಮೇಲಿದ್ದನು. ಕಾಲದ ಅಳತೆಗಾಗಿ ಇದನ್ನು ನೆನೆದರೆ ಸಾಕು.

ನಿರ್ಣಯವಾದ ಒಡನೆ ಕಾರ್ಯ ಆರಂಭವಾಗಲಿಲ್ಲ. ಪೀಕ್ವಾಟ್ ಕುಲದವರೊಡನೆ ನಡೆದ ಯುದ್ಧ ಮತ್ತು ವಸಾಹತಿನ ಒಳಗಿನ ಧಾರ್ಮಿಕ ಕಲಹಗಳ ದೆಸೆಯಿಂದ ಒಂದು ವರ್ಷ ಕಳೆಯಿತು. 1637ರ ನವೆಂಬರಿನಲ್ಲಿ ವಿದ್ಯಾಲಯವು ನ್ಯೂಟೌನ್ ಎಂಬ ಊರಿನಲ್ಲಿರಬೇಕೆಂದು ಗೊತ್ತಾಯಿತು. ಆರು ಮಂದಿ ಅಧಿಕಾರಿಗಳು, ಆರು ಮಂದಿ ಧರ್ಮಬೋಧಕರು ಸೇರಿದ ಹನ್ನೆರಡು ಜನರ ಮೇಲ್ವಿಚಾರಕ ಮಂಡಳಿಯೂ ಏರ್ಪಟ್ಟಿತು. ತಮ್ಮಲ್ಲಿ ಅನೇಕರು ಓದಿದ ಊರಿನ ನೆನಪಿಗಾಗಿ 1638ರಲ್ಲಿ ನ್ಯೂಟೌನಿಗೆ ಕೇಂಬ್ರಿಡ್ಜ್ ಎಂದು ಮರುನಾಮಕರಣ ಮಾಡಿದರು. ಅದೇ ವರ್ಷದ ಬೇಸಗೆಯಲ್ಲಿ ಬೆರಳೆಣಿಕೆಯ ಹುಡುಗರೊಂದಿಗೆ ಪಾಠ ಆರಂಭವಾಯಿತು. ಮನೆಯ ಸುತ್ತಲೂ ಊರವರ ದನದ ದೊಡ್ಡಿಗಳಿದ್ದವು. ಅವುಗಳಿಂದ ಬೇರೆಯಾಗಿ ತೋರಲೆಂದು ವಿದ್ಯಾಲಯದ ಜಾಗಕ್ಕೆ 'ಕಾಲೇಜಿನ ಅಂಗಳ' ಎಂಬ ಹೆಸರು ಬಂತು. ಇಂದಿಗೂ ಅದು 'ಹಾರ್ವರ್ಡ್ ಅಂಗಳ'ವೇ ಆಗಿದೆ.

ಜಾನ್ ಹಾರ್ವರ್ಡನ ದತ್ತಿ

ಈ ಸಂಸ್ಥೆಗೆ ತನ್ನ ಹೆಸರನ್ನು ಕೊಟ್ಟ ಜಾನ್ ಹಾರ್ವರ್ಡನು ಅದನ್ನು ಸ್ಥಾಪಿಸಿದವನಲ್ಲ. ಅವನು ಅಮೆರಿಕದ ನೆಲವನ್ನು ಮೆಟ್ಟುವುದಕ್ಕೆ ಮುನ್ನವೇ 1636ರ ನಿರ್ಣಯ ಆಗಿಹೋಗಿತ್ತು. 1607ರಲ್ಲಿ ಲಂಡನ್ನಿನ ಸದರ್ಕ್ ಭಾಗದಲ್ಲಿ ಒಬ್ಬ ಮಾಂಸದ ವ್ಯಾಪಾರಿಯ ಮಗನಾಗಿ ಜನಿಸಿದ ಅವನು ಬಾಲ್ಯದಲ್ಲೇ ಮೃತ್ಯುವಿನ ತಾಂಡವವನ್ನು ಕಂಡವನು. 1625ರ ಪ್ಲೇಗಿನಲ್ಲಿ ತಂದೆಯೂ ಒಡಹುಟ್ಟಿದವರಲ್ಲಿ ಬಹುಮಂದಿಯೂ ತೀರಿಹೋದರು. ಕೇಂಬ್ರಿಡ್ಜಿನ ಇಮ್ಯಾನ್ಯುಯೆಲ್ ಕಾಲೇಜಿನಲ್ಲಿ ಓದಿ 1632ರಲ್ಲಿ ಬಿ.ಎ., 1635ರಲ್ಲಿ ಎಂ.ಎ. ಪದವಿ ಪಡೆದನು. ಮನೆತನದವರು ಒಬ್ಬೊಬ್ಬರಾಗಿ ಅಗಲಿದಂತೆ ಅವರ ಆಸ್ತಿ ಅವನ ಕೈಸೇರಿತು. 1637ರಲ್ಲಿ ಪತ್ನಿಯೊಡನೆ ವಸಾಹತಿಗೆ ಬಂದು ಚಾರ್ಲ್ಸ್‌ಟೌನ್ ಎಂಬ ಊರಿನಲ್ಲಿ ಸಹಾಯಕ ಧರ್ಮಬೋಧಕನಾಗಿ ನಿಂತನು. ಬಂದ ಮರುವರ್ಷವೇ, 1638ರ ಸೆಪ್ಟೆಂಬರ್ 14ರಂದು, ಕ್ಷಯರೋಗದಿಂದ ಮೂವತ್ತರ ಹರೆಯದಲ್ಲಿಯೇ ಮರಣ ಹೊಂದಿದನು.

ಮರಣಶಯ್ಯೆಯಲ್ಲಿ ಅವನು ಬಾಯಿಮಾತಿನಲ್ಲಿ ಉಯಿಲು ಹೇಳಿದನು. ಆಸ್ತಿಯ ಅರ್ಧ ಪಾಲನ್ನೂ ತನ್ನ ಗ್ರಂಥಗಳೆಲ್ಲವನ್ನೂ ಆಗ ತಾನೇ ಆರಂಭವಾಗಿದ್ದ ವಿದ್ಯಾಲಯಕ್ಕೆ ಬಿಟ್ಟನು. ಅರ್ಧ ಪಾಲಿನ ಬೆಲೆ 779 ಪೌಂಡು 17 ಷಿಲ್ಲಿಂಗು 2 ಪೆನ್ನಿ ಎಂದು ಲೆಕ್ಕವಾಗಿತ್ತು. ಗ್ರಂಥಗಳು ಸುಮಾರು 400 ಸಂಪುಟಗಳು. ಸರಕಾರ ಮಂಜೂರು ಮಾಡಿದ್ದಕ್ಕಿಂತ ಹೆಚ್ಚಿನ ಮೊತ್ತವನ್ನು ಒಬ್ಬನೇ ಕೊಟ್ಟಂತಾಯಿತು. ಆದರೆ ಲೆಕ್ಕಪತ್ರಗಳಲ್ಲಿ ಸ್ವೀಕೃತವೆಂದು ಕಾಣುವ ಹಣ ಸುಮಾರು 395 ಪೌಂಡುಗಳಷ್ಟೇ. ಕೃತಜ್ಞತೆಯ ಕುರುಹಾಗಿ 1639ರ ಮಾರ್ಚ್ 13ರಂದು ಮಹಾಸಭೆಯು ವಿದ್ಯಾಲಯಕ್ಕೆ ಹಾರ್ವರ್ಡನ ಹೆಸರಿಟ್ಟಿತು. ಆ ಗ್ರಂಥಗಳ ಗತಿಯೂ ಮನಮಿಡಿಯುವಂಥದು. 1764ರ ಜನವರಿಯಲ್ಲಿ ಗ್ರಂಥಾಲಯಕ್ಕೆ ಬೆಂಕಿ ಬಿದ್ದಾಗ ಅವು ಬೂದಿಯಾದವು. ಅವನು ಕೊಟ್ಟದ್ದೆಂದು ನಿಶ್ಚಯವಾಗಿ ಹೇಳಬಹುದಾದ ಒಂದೇ ಒಂದು ಪುಸ್ತಕ ಉಳಿದುಬಂದಿದೆ.

ಅವನ ಚಿತ್ರವೂ ಉಳಿದಿಲ್ಲ. ಇಂದು ಅಂಗಳದಲ್ಲಿರುವ ಕಂಚಿನ ಪ್ರತಿಮೆಯು 1884ರಲ್ಲಿ ಡೇನಿಯಲ್ ಚೆಸ್ಟರ್ ಫ್ರೆಂಚ್ ಎಂಬ ಶಿಲ್ಪಿ ಕಲ್ಪನೆಯಿಂದ ರೂಪಿಸಿದ್ದು. ಅದರ ಪೀಠದ ಮೇಲೆ 'ಸ್ಥಾಪಕ, 1638' ಎಂದು ಬರೆದಿದೆ. ಸ್ಥಾಪಕನೆಂಬುದೂ ತಪ್ಪು, ವರ್ಷವೂ ತಪ್ಪು, ಮುಖವೂ ಅವನದಲ್ಲ. ಆ ಕಾರಣದಿಂದ ವಿದ್ಯಾರ್ಥಿಗಳು ಅದನ್ನು 'ಮೂರು ಸುಳ್ಳುಗಳ ಪ್ರತಿಮೆ' ಎಂದು ವಿನೋದವಾಗಿ ಕರೆಯುತ್ತಾರೆ. ಇದರಿಂದ ದಾನಿಯ ಘನತೆಗೆ ಕುಂದಿಲ್ಲ. ಹೆಸರು ಬೇಕೆಂದು ಅವನು ಕೇಳಿರಲಿಲ್ಲ.

ಮೊದಲ ಗುರು ಮತ್ತು ಮೊದಲ ಅಪಖ್ಯಾತಿ

ವಿದ್ಯಾಲಯಕ್ಕೆ ನೇಮಕವಾದ ಮೊದಲ ಗುರು ನಥಾನಿಯಲ್ ಈಟನ್. ಅವನು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿಯೂ ಹಾಲೆಂಡಿನಲ್ಲಿಯೂ ಓದಿದ ವಿದ್ವಾಂಸ, ಪ್ರತಿಷ್ಠಿತ ಮನೆತನದವನು. ಅವನಿಗೆ ಇಲ್ಲದಿದ್ದುದು ಸಹನೆ ಮತ್ತು ಅಂತಃಕರಣ. ಹುಡುಗರಿಗೆ ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಏಟು ಹಾಕುವುದು, ತಾನು ಬಯಸಿದ ಮಾತನ್ನು ಅವರ ಬಾಯಿಂದ ಹೊರಡಿಸುವವರೆಗೆ ಬಿಡದಿರುವುದು ಅವನ ಪದ್ಧತಿ. 1639ರಲ್ಲಿ ತಾನು ಹೊಸದಾಗಿ ನೇಮಿಸಿಕೊಂಡ ಸಹಾಯಕ ಬ್ರಿಸ್ಕೋ ಎಂಬವನನ್ನು ಇಬ್ಬರು ಆಳುಗಳಿಂದ ಹಿಡಿಸಿ, ದಪ್ಪನೆಯ ಅಕ್ರೋಟು ಮರದ ದೊಣ್ಣೆಯಿಂದ ಸುಮಾರು ಎರಡು ಗಂಟೆಗಳ ಕಾಲ ಹೊಡೆದನು. ಕೂಗು ಕೇಳಿ ಊರ ಬೋಧಕನು ಓಡಿಬಂದುದರಿಂದ ಬ್ರಿಸ್ಕೋನ ಪ್ರಾಣ ಉಳಿಯಿತು.

ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ವಿದ್ಯಾರ್ಥಿಗಳಿಗೆ ಊಟ ಒದಗಿಸುವ ಹೊಣೆ ಈಟನನ ಹೆಂಡತಿಯದಾಗಿತ್ತು. ಊಟಕ್ಕೆ ಹಣ ತೆತ್ತಿದ್ದರೂ ಹುಡುಗರಿಗೆ ಒರಟು ಹಿಟ್ಟಿನ, ಸರಿಯಾಗಿ ಬೇಯದ ಗಂಜಿ ದೊರೆಯುತ್ತಿತ್ತು. ಮತ್ತೆ ಬಡಿಸಿರೆಂದರೆ ಇಲ್ಲವೆಂಬ ಉತ್ತರ ಬರುತ್ತಿತ್ತು. ಕರುಳು ತೆಗೆಯದ ಮೀನನ್ನು ಬಡಿಸಿದ್ದುಂಟು. ಅವರ ಅಂಬಲಿಯಲ್ಲಿ ಆಡಿನ ಹಿಕ್ಕೆ ಕಂಡದ್ದೂ ಉಂಟು. ಆಕೆ ಅಡುಗೆಯ ಅಲಕ್ಷ್ಯವನ್ನು ಒಪ್ಪಿಕೊಂಡಳು. ಮೀನಿನ ಮತ್ತು ಹಿಕ್ಕೆಯ ವಿಷಯ ತನಗೆ ತಿಳಿಯದೆಂದಳು, ಆದರೂ ತನ್ನ ಮನೆಯಲ್ಲಿ ಹಾಗಾದುದಕ್ಕೆ ನಾಚುವೆನೆಂದಳು. ನ್ಯಾಯಸಭೆಯು ಈಟನನಿಗೆ ದಂಡ ವಿಧಿಸಿ ಹುದ್ದೆಯಿಂದ ತೆಗೆದುಹಾಕಿತು. ಅವನು ಸಾಲಗಳನ್ನು ಹಿಂದೆ ಬಿಟ್ಟು ವರ್ಜೀನಿಯಾದತ್ತ ಪಲಾಯನ ಮಾಡಿದನು. ವಿದ್ಯಾರ್ಥಿಗಳು ಚದುರಿದರು, ಕಟ್ಟಡ ಅರ್ಧಕ್ಕೆ ನಿಂತಿತು. ಸುಮಾರು ಒಂದು ವರ್ಷ ವಿದ್ಯಾಲಯದಲ್ಲಿ ಪಾಠವೇ ಇರಲಿಲ್ಲ.

ಇಲ್ಲಿ ಓದುಗರು ಒಂದು ಅಂಶವನ್ನು ಗಮನಿಸಬೇಕು. ಆ ಸಂಸ್ಥೆಗೆ ಆಗ ಸರಕಾರದ ಮಂಜೂರಾತಿ ಇತ್ತು, ದೊಡ್ಡ ದತ್ತಿ ಬಂದಿತ್ತು, ನಾನೂರು ಗ್ರಂಥಗಳಿದ್ದವು, ಹೆಸರೂ ಇತ್ತು. ಇಷ್ಟೆಲ್ಲ ಇದ್ದೂ ಅದು ಮುಚ್ಚಿತು. ಗುರುವಿನ ನಡತೆ ಮತ್ತು ಮಕ್ಕಳ ಊಟ ಇವೆರಡು ಕೆಟ್ಟುದೇ ಅದಕ್ಕೆ ಸಾಕಾಯಿತು. ವಸತಿ ವಿದ್ಯಾರ್ಥಿಗಳಿಗಾಗಿ ಪ್ರಸಾದ ನಿಲಯಗಳನ್ನು ನಡೆಸಿಕೊಂಡು ಬಂದಿರುವ ನಮ್ಮ ಮಠಗಳ ಹಿರಿಯರಿಗೆ ಈ ಮಾತನ್ನು ಬೇರೆಯವರು ಹೇಳಬೇಕಾಗಿಲ್ಲ. ತರಗತಿಗಿಂತ ಮೊದಲು ಪಂಕ್ತಿ ಸರಿಯಾಗಿರಬೇಕೆಂಬುದು ಅವರ ಅನುಭವ.

ಹೆನ್ರಿ ಡನ್‌ಸ್ಟರನ ಆಗಮನ

1640ರ ಬೇಸಗೆಯಲ್ಲಿ ಇಂಗ್ಲೆಂಡಿನ ಲ್ಯಾಂಕಷೈರಿನ ಹೆನ್ರಿ ಡನ್‌ಸ್ಟರ್ ಎಂಬ ತರುಣನು ವಸಾಹತಿಗೆ ಬಂದಿಳಿದನು. ಅವನು ಕೇಂಬ್ರಿಡ್ಜಿನ ಮಾಡ್ಲಿನ್ ಕಾಲೇಜಿನ ಪದವೀಧರ. ಹೀಬ್ರೂ ಮೊದಲಾದ ಪೌರ್ವಾತ್ಯ ಭಾಷೆಗಳಲ್ಲಿ ಆಸಕ್ತನು. ಬಂದು ಕೆಲವೇ ವಾರಗಳಲ್ಲಿ, ಆಗಸ್ಟ್ 27ರಂದು, ಅವನನ್ನು ವಿದ್ಯಾಲಯದ ಅಧ್ಯಕ್ಷನನ್ನಾಗಿ ಆರಿಸಿದರು. ಹಾರ್ವರ್ಡಿನಲ್ಲಿ 'ಅಧ್ಯಕ್ಷ' ಎಂಬ ಪದವಿ ಹೊಂದಿದ ಮೊದಲಿಗನು ಇವನೇ. ವಯಸ್ಸು ಮೂವತ್ತರ ಆಸುಪಾಸು. ಅವನ ಕೈಗೆ ಬಂದದ್ದು ವಿದ್ಯಾರ್ಥಿಗಳಿಲ್ಲದ ವಿದ್ಯಾಲಯ, ಮಾಡು ಪೂರ್ಣವಾಗದ ಕಟ್ಟಡ, ಊರವರ ಅವಿಶ್ವಾಸ.

ಮೊದಲ ವರ್ಷಗಳಲ್ಲಿ ಎಲ್ಲ ವಿಷಯಗಳನ್ನೂ ಅವನೊಬ್ಬನೇ ಬೋಧಿಸಿದನು. ಕಟ್ಟಡದ ಉಸ್ತುವಾರಿ, ಹಣದ ವಸೂಲಿ, ಮಕ್ಕಳ ಶಿಸ್ತು ಎಲ್ಲವೂ ಅವನ ಮೇಲೆಯೇ ಬಿದ್ದಿದ್ದವು. ತಾನು ಓದಿದ ಕೇಂಬ್ರಿಡ್ಜಿನ ಕ್ರಮವನ್ನೇ ಮಾದರಿಯಾಗಿಟ್ಟುಕೊಂಡು ನಿಯಮಗಳನ್ನು ರಚಿಸಿದನು. ಪ್ರವೇಶ ಬಯಸುವವನು ಲ್ಯಾಟಿನ್ ಗ್ರಂಥಕಾರ ಸಿಸೆರೋನನ್ನು ನೋಡಿದೊಡನೆ ಓದಿ ಅರ್ಥಮಾಡಬೇಕು, ಲ್ಯಾಟಿನ್ನಿನಲ್ಲಿ ಮಾತನಾಡಬೇಕು, ಗ್ರೀಕಿನ ನಾಮ-ಕ್ರಿಯಾ ರೂಪಗಳನ್ನು ಬಲ್ಲವನಾಗಿರಬೇಕು. ವಾರದ ಒಂದೊಂದು ದಿನ ಒಂದೊಂದು ಶಾಸ್ತ್ರಕ್ಕೆ ಮೀಸಲು: ತರ್ಕ, ನೀತಿ, ರಾಜನೀತಿ, ಗಣಿತ, ಖಗೋಳಗಳು ವಾರದ ಆರಂಭಕ್ಕೆ, ಅನಂತರ ಒಂದು ದಿನ ಗ್ರೀಕ್, ಒಂದು ದಿನ ಹೀಬ್ರೂ ಮತ್ತು ಅದರ ಸೋದರ ಭಾಷೆಗಳು, ಒಂದು ದಿನ ಅಲಂಕಾರಶಾಸ್ತ್ರ, ಶನಿವಾರ ಧರ್ಮಶಾಸ್ತ್ರ. ವಿದ್ಯಾಲಯದ ಎಲ್ಲೆಯೊಳಗೆ ವಿದ್ಯಾರ್ಥಿಗಳು ತಮ್ಮ ತಾಯ್ನುಡಿಯಾದ ಇಂಗ್ಲಿಷನ್ನು ಆಡುವಂತಿರಲಿಲ್ಲ. ಶಾಸ್ತ್ರವು ದೇಶಭಾಷೆಯಲ್ಲಿಯೂ ನಿಲ್ಲಬಲ್ಲದೆಂಬುದನ್ನು ವಚನಕಾರರು ಹನ್ನೆರಡನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಿರುವ ನಾಡಿನವರಾದ ನಮಗೆ ಈ ನಿಯಮ ವಿಚಿತ್ರವಾಗಿ ತೋರಬಹುದು. ಆದರೆ ಅಂದಿನ ಯುರೋಪಿನ ವಿದ್ಯಾಲಯಗಳಲ್ಲೆಲ್ಲ ಇದೇ ರೂಢಿ.

1642ರ ಸೆಪ್ಟೆಂಬರಿನಲ್ಲಿ ಮೊದಲ ಪದವೀದಾನ ಸಮಾರಂಭ ಜರುಗಿತು. ಒಂಬತ್ತು ಮಂದಿ ಪದವೀಧರರಾದರು. ಅವರಲ್ಲೊಬ್ಬನಾದ ಜಾರ್ಜ್ ಡೌನಿಂಗನು ಮುಂದೆ ಇಂಗ್ಲೆಂಡಿಗೆ ಮರಳಿ ರಾಜಕಾರಣಿಯಾಗಿ ಬೆಳೆದನು. ಬ್ರಿಟಿಷ್ ಪ್ರಧಾನಿಗಳ ನಿವಾಸವಿರುವ ಲಂಡನ್ನಿನ ಡೌನಿಂಗ್ ಬೀದಿಗೆ ಬಂದಿರುವುದು ಅವನ ಹೆಸರೇ. ಆದರೆ ಒಂಬತ್ತು ಎಂಬ ಸಂಖ್ಯೆ ಪ್ರತಿವರ್ಷ ಮೇಲೇರುತ್ತ ಹೋಯಿತೆಂದು ತಿಳಿಯಬಾರದು. ಮರುವರ್ಷ ನಾಲ್ವರು, 1644ರಲ್ಲಿ ಒಬ್ಬನೂ ಇಲ್ಲ. ಡನ್‌ಸ್ಟರನು ಇದರಿಂದ ಧೃತಿಗೆಡಲಿಲ್ಲ, ಮಟ್ಟವನ್ನು ಇಳಿಸಲೂ ಇಲ್ಲ. ಮುಂದೆ ಪದವಿಯ ಅವಧಿಯನ್ನು ಮೂರು ವರ್ಷಗಳಿಂದ ನಾಲ್ಕಕ್ಕೆ ಏರಿಸಿದಾಗ ಕೆಲವು ವಿದ್ಯಾರ್ಥಿಗಳು ಪ್ರತಿಭಟಿಸಿ ಪದವಿಯಿಲ್ಲದೆಯೇ ಹೊರಟುಹೋದರು. ನಾಲ್ಕು ವರ್ಷದ ಕ್ರಮ ಮಾತ್ರ ಸ್ಥಿರವಾಗಿ ನಿಂತಿತು.

ಆ ವಸಾಹತುಗಳ ಮೊದಲ ಮುದ್ರಣಾಲಯವೂ ಇದೇ ಅಂಗಳದ ಆಶ್ರಯದಲ್ಲಿ ಬೆಳೆಯಿತು. ಮುದ್ರಣಯಂತ್ರವನ್ನು ತರುತ್ತಿದ್ದ ಗ್ಲೋವರ್ ಎಂಬ ಬೋಧಕನು 1638ರಲ್ಲಿ ಹಡಗಿನಲ್ಲಿಯೇ ಮೃತನಾದನು. ಅವನ ವಿಧವೆಯನ್ನು 1641ರಲ್ಲಿ ಡನ್‌ಸ್ಟರನು ವಿವಾಹವಾದುದರಿಂದ ಯಂತ್ರದ ಹೊಣೆ ಅವನಿಗೆ ಬಂತು. ಅದರಲ್ಲಿ 1640ರಲ್ಲಿ ಅಚ್ಚಾದ ಕೀರ್ತನೆಗಳ ಪುಸ್ತಕವು ಆ ಇಂಗ್ಲಿಷ್ ವಸಾಹತುಗಳಲ್ಲಿ ಮುದ್ರಿತವಾದ ಮೊದಲ ಗ್ರಂಥವೆಂದು ಪ್ರಸಿದ್ಧವಾಗಿದೆ.

ಮನೆಗೊಂದು ಅಳತೆ ಧಾನ್ಯ

ವಿದ್ಯಾಲಯದ ನಿತ್ಯದ ಖರ್ಚು ಸಾಗುತ್ತಿದ್ದ ಬಗೆ ಈ ಚರಿತ್ರೆಯಲ್ಲಿ ಅತ್ಯಂತ ಬೋಧಪ್ರದವಾದ ಭಾಗ. ಹಾರ್ವರ್ಡನ ದತ್ತಿ ಕಟ್ಟಡಕ್ಕೆ ಕರಗಿಹೋಗಿತ್ತು. ಇಂಗ್ಲೆಂಡಿನಿಂದ ಹಣ ತರಲೆಂದು 1641ರಲ್ಲಿ ಮೂವರನ್ನು ಕಳುಹಿಸಲಾಯಿತು. ವಿದ್ಯಾಲಯವನ್ನು ಪರಿಚಯಿಸುವ ಒಂದು ಕಿರುಹೊತ್ತಗೆ 1643ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದೇ ವರ್ಷ ಲೇಡಿ ಮೌಲ್ಸನ್ ಎಂಬ ಲಂಡನ್ನಿನ ಮಹಿಳೆಯು ಬಡ ವಿದ್ಯಾರ್ಥಿಗಳ ನೆರವಿಗಾಗಿ 100 ಪೌಂಡುಗಳ ದತ್ತಿಯನ್ನಿಟ್ಟಳು. ಇದೇ ಅಲ್ಲಿನ ಮೊದಲ ವಿದ್ಯಾರ್ಥಿವೇತನ. ಹೆಣ್ಣುಮಕ್ಕಳಿಗೆ ಪ್ರವೇಶವೇ ಇಲ್ಲದಿದ್ದ ವಿದ್ಯಾಲಯಕ್ಕೆ ಹೆಣ್ಣುಮಗಳೊಬ್ಬಳ ಈ ದಾನ! ಅವಳ ಹುಟ್ಟುಮನೆತನದ ಹೆಸರು ರಾಡ್‌ಕ್ಲಿಫ್. ಇನ್ನೂರೈವತ್ತು ವರ್ಷಗಳು ಕಳೆದ ಮೇಲೆ, 1894ರಲ್ಲಿ, ಅಲ್ಲಿ ಏರ್ಪಟ್ಟ ಮಹಿಳಾ ಕಾಲೇಜಿಗೆ ಆ ಹೆಸರನ್ನೇ ಇಟ್ಟರು.

ದೂರದ ದಾನಿಗಳ ಹಣ ಎಂದೋ ಬರುವಂಥದು. ಮಕ್ಕಳಿಗೆ ದಿನವೂ ಹಸಿವು. 1644ರಲ್ಲಿ ಕೇಂಬ್ರಿಡ್ಜಿನ ಬೋಧಕ ಥಾಮಸ್ ಷೆಪರ್ಡನು ನ್ಯೂ ಇಂಗ್ಲೆಂಡಿನ ವಸಾಹತುಗಳ ಒಕ್ಕೂಟದ ಮುಂದೆ ಒಂದು ಸರಳ ಯೋಜನೆಯನ್ನಿಟ್ಟನು. ಶಕ್ತವಾದ ಪ್ರತಿಯೊಂದು ಕುಟುಂಬವೂ ವರ್ಷಕ್ಕೆ ಒಂದು 'ಪೆಕ್' ಧಾನ್ಯವನ್ನು, ಇಲ್ಲವೆ 12 ಪೆನ್ನಿಗಳನ್ನು, ಇಲ್ಲವೆ ಅಷ್ಟು ಬೆಲೆಯ ಬೇರೆ ವಸ್ತುವನ್ನು ವಿದ್ಯಾಲಯದ ಬಡ ವಿದ್ಯಾರ್ಥಿಗಳಿಗಾಗಿ ಕೊಡಬೇಕು. ಪೆಕ್ ಎಂದರೆ ಸುಮಾರು 9 ಲೀಟರು ಹಿಡಿಯುವ ಅಳತೆ. ಇದು ತೆರಿಗೆಯಾಗಿರಲಿಲ್ಲ, ಸ್ವೇಚ್ಛೆಯ ಕಾಣಿಕೆ. ಮ್ಯಾಸಚೂಸೆಟ್ಸಿನಿಂದ ಮಾತ್ರವಲ್ಲದೆ ಪ್ಲಿಮತ್, ಕನೆಕ್ಟಿಕಟ್, ನ್ಯೂಹೇವನ್ ವಸಾಹತುಗಳ ಊರುಗಳಿಂದಲೂ ಕೆಲವು ವರ್ಷಗಳ ಕಾಲ ಈ 'ಕಾಲೇಜಿನ ಧಾನ್ಯ' ಬಂದು ಸೇರುತ್ತಿತ್ತು. ಕೊಟ್ಟವರಲ್ಲಿ ಬಹುಮಂದಿಯ ಮಕ್ಕಳು ಆ ವಿದ್ಯಾಲಯದ ಹೊಸ್ತಿಲನ್ನು ತುಳಿಯುವ ಸಂಭವವೇ ಇರಲಿಲ್ಲ.

ಸುಗ್ಗಿಯ ಕಾಲದಲ್ಲಿ ಕಣದ ರಾಶಿಯಿಂದ ಒಂದು ಪಾಲನ್ನು ಮಠಕ್ಕೆ ಮೀಸಲಿಡುವುದನ್ನು, ಜೋಳಿಗೆ ಹಿಡಿದು ಬಂದ ಸ್ವಾಮಿಗಳಿಗೆ ತಾಯಂದಿರು ಮೊರದ ತುಂಬ ಜೋಳ ತಂದು ನೀಡುವುದನ್ನು ಕಂಡು ಬೆಳೆದ ವಳಕಮದಿನ್ನಿಯ ಸುತ್ತಿನ ಸೀಮೆಯವರಿಗೆ ಈ ಏರ್ಪಾಡನ್ನು ವಿವರಿಸಿ ಹೇಳಬೇಕಾಗಿಲ್ಲ. ಸಮುದ್ರಗಳಾಚೆಯ, ಬೇರೆ ಧರ್ಮದ, ಬೇರೆ ನುಡಿಯ ಜನರೂ ಹಣವಿಲ್ಲದ ಕಾಲದಲ್ಲಿ ಇದೇ ದಾರಿಯನ್ನು ಹಿಡಿದರು.

ಇನ್ನೊಂದು ಆದಾಯ ದೋಣಿಯದು. 1640ರಲ್ಲಿ ಸರಕಾರವು ಬಾಸ್ಟನ್ ಮತ್ತು ಚಾರ್ಲ್ಸ್‌ಟೌನ್‌ಗಳ ನಡುವೆ ನದಿ ದಾಟಿಸುವ ದೋಣಿಯ ಉತ್ಪನ್ನವನ್ನು ವಿದ್ಯಾಲಯಕ್ಕೆ ಬಿಟ್ಟುಕೊಟ್ಟಿತು. ಆದರೆ ಜನರು ದೋಣಿಯ ಬಾಡಿಗೆಯನ್ನು ಮೂಲನಿವಾಸಿಗಳ ಶಂಖಮಣಿಗಳಲ್ಲಿ ತೆರುತ್ತಿದ್ದರು. ಒಡೆದ, ಸವೆದ, ಬೇರೆಲ್ಲಿಯೂ ಚಲಾವಣೆಯಾಗದ ಮಣಿಗಳು ವಿದ್ಯಾಲಯದ ಪಾಲಿಗೆ ಬರುತ್ತಿದ್ದವು. 1786ರಲ್ಲಿ ಅಲ್ಲಿ ಸೇತುವೆ ಆದ ಮೇಲೆ ದೋಣಿಯ ಬದಲಿಗೆ ಸೇತುವೆಯ ಕಂಪನಿಯು ವರ್ಷಕ್ಕೆ 200 ಪೌಂಡುಗಳನ್ನು ಕೊಡಬೇಕೆಂದು ಗೊತ್ತಾಯಿತು. ವಿದ್ಯಾರ್ಥಿಗಳ ಶುಲ್ಕವೂ ನಾಣ್ಯದಲ್ಲಿ ಬರುತ್ತಿದ್ದುದು ಅಪರೂಪ. ಉಗ್ರಾಣದ ಅಧಿಕಾರಿಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಗೋದಿ, ಸೇಬು, ಬೆಣ್ಣೆ, ಕುರಿ, ಆಕಳು, ಬಟ್ಟೆ, ಪಾದರಕ್ಷೆ ಮುಂತಾದವು ಶುಲ್ಕದ ರೂಪದಲ್ಲಿ ಜಮೆಯಾಗಿರುವುದು ಕಾಣುತ್ತದೆ. ಯಾವ ವಸ್ತುವನ್ನು ಯಾರು ಕೊಟ್ಟರು, ಅದರ ಬೆಲೆಯೆಷ್ಟು ಎಂಬುದನ್ನು ಬರೆದಿಟ್ಟುದರಿಂದಲೇ ಇಂದು ನಾವು ಆ ಬಡತನದ ದಿನಗಳನ್ನು ಅರಿಯುವಂತಾಗಿದೆ.

1650ರ ಸನ್ನದು

ಡನ್‌ಸ್ಟರನ ದೂರದೃಷ್ಟಿಗೆ ದೊಡ್ಡ ಸಾಕ್ಷಿ 1650ರ ಸನ್ನದು. ಹನ್ನೆರಡು ಮಂದಿಯ ಮೇಲ್ವಿಚಾರಕ ಮಂಡಳಿಯ ಸದಸ್ಯರು ಬೇರೆ ಬೇರೆ ಊರುಗಳಲ್ಲಿದ್ದರು. ಅವರು ಕೂಡುವುದು ಕಷ್ಟ, ಆಸ್ತಿ ಯಾರ ಹೆಸರಿನಲ್ಲಿರಬೇಕೆಂಬುದು ಅಸ್ಪಷ್ಟ. ಒಬ್ಬ ಈಟನನ ಕೈಯಲ್ಲಿ ಎಲ್ಲವೂ ಇದ್ದಾಗ ಏನಾಯಿತೆಂಬುದನ್ನು ಎಲ್ಲರೂ ಕಂಡಿದ್ದರು. ಡನ್‌ಸ್ಟರನ ಕೋರಿಕೆಯಂತೆ ಮಹಾಸಭೆಯು 1650ರ ಮೇ ತಿಂಗಳ ಕೊನೆಯಲ್ಲಿ ಅಧ್ಯಕ್ಷ, ಕೋಶಾಧಿಕಾರಿ ಮತ್ತು ಐವರು ಸದಸ್ಯರು ಸೇರಿದ ಏಳು ಜನರ ಆಡಳಿತ ಮಂಡಳಿಯನ್ನು ರಚಿಸಿತು. ಈ ಏಳು ಮಂದಿಯಲ್ಲಿ ಒಬ್ಬನು ತೀರಿಕೊಂಡರೆ ಅಥವಾ ಬಿಟ್ಟುಹೋದರೆ ಉಳಿದವರು ಬೇರೊಬ್ಬನನ್ನು ಆರಿಸಬೇಕು, ಮಂಡಳಿಗೆ ಮರಣವಿಲ್ಲ. ಆಸ್ತಿ ಮಂಡಳಿಯದು, ವ್ಯಕ್ತಿಯದಲ್ಲ. ಮಂಡಳಿಯ ತೀರ್ಮಾನಗಳಿಗೆ ಹಳೆಯ ಮೇಲ್ವಿಚಾರಕರ ಒಪ್ಪಿಗೆ ಬೇಕು. ಹೀಗೆ ಒಂದರ ಮೇಲೊಂದು ಕಣ್ಣಿಟ್ಟಿರುವ ಎರಡು ಮಂಡಳಿಗಳ ವ್ಯವಸ್ಥೆ ಏರ್ಪಟ್ಟಿತು.

ಈ ಏಳರ ಸಂಖ್ಯೆ ಮೂರೂವರೆ ಶತಮಾನಗಳಿಗೂ ಹೆಚ್ಚು ಕಾಲ ಬದಲಾಗದೆ ನಡೆದುಬಂತು. 2010ರಲ್ಲಿ ಅದನ್ನು 13ಕ್ಕೆ ಏರಿಸಲು ನಿರ್ಧರಿಸಿದರು. ನಡುವೆ ವಸಾಹತು ಹೋಗಿ ಸ್ವತಂತ್ರ ರಾಷ್ಟ್ರವಾಯಿತು, ಪ್ಯೂರಿಟನ್ನರ ಆಡಳಿತ ಅಳಿಯಿತು, ವಿದ್ಯಾಲಯದ ಧ್ಯೇಯವೂ ಬದಲಾಯಿತು. ಡನ್‌ಸ್ಟರನು ಪಡೆದ ಸನ್ನದು ಮಾತ್ರ ಆಧಾರವಾಗಿ ಉಳಿಯಿತು.

ನೆರವೇರದ ಒಂದು ವಾಗ್ದಾನ

ಆ ಸನ್ನದಿನಲ್ಲಿ, ವಿದ್ಯಾಲಯವು ಇಂಗ್ಲಿಷರ ಮತ್ತು ಆ ನೆಲದ ಮೂಲನಿವಾಸಿಗಳ ಮಕ್ಕಳಿಬ್ಬರ ಶಿಕ್ಷಣಕ್ಕೂ ಎಂಬ ಮಾತಿದೆ. ಇಂಗ್ಲೆಂಡಿನ ಧರ್ಮಪ್ರಸಾರ ಸಂಘವೊಂದರ ಹಣದಿಂದ ಸುಮಾರು 1655ರ ವೇಳೆಗೆ ಅಂಗಳದಲ್ಲಿ ಇಟ್ಟಿಗೆಯ ಕಟ್ಟಡವೊಂದು ಮೂಲನಿವಾಸಿ ವಿದ್ಯಾರ್ಥಿಗಳಿಗಾಗಿ ಸಿದ್ಧವಾಯಿತು. ಇಪ್ಪತ್ತು ಮಂದಿಗೆ ಸ್ಥಳವಿದ್ದರೂ ಬಂದವರು ಕೆಲವರೇ. ವಾಂಪನೋಗ್ ಕುಲದ ಕೇಲೆಬ್ ಚೀಷಾಟೊಮಕ್ ಎಂಬ ತರುಣನು 1665ರಲ್ಲಿ ಪದವಿ ಪಡೆದು, ಮರುವರ್ಷವೇ ಕ್ಷಯದಿಂದ ತೀರಿಕೊಂಡನು. ಅವನ ಸಹಪಾಠಿ ಜೋಯೆಲ್ ಇಯಾಕೂಮಿಸನು ಪದವೀದಾನಕ್ಕೆ ಸ್ವಲ್ಪ ಮೊದಲು, ಮನೆಯಿಂದ ಮರಳುವಾಗ, ಹಡಗು ಒಡೆದು ಅಸುನೀಗಿದನು. ಅವನಿಗೆ ಸಲ್ಲಬೇಕಾದ ಪದವಿಯನ್ನು ವಿಶ್ವವಿದ್ಯಾಲಯವು 2011ರಲ್ಲಿ ಮರಣೋತ್ತರವಾಗಿ ನೀಡಿತು. ಆ ಕಟ್ಟಡದಲ್ಲಿ 1663ರಲ್ಲಿ ಬೈಬಲಿನ ಮೂಲನಿವಾಸಿ ಭಾಷೆಯ ಅನುವಾದ ಅಚ್ಚಾಯಿತು. ಅದರ ಮೊಳೆ ಜೋಡಿಸಿದವರಲ್ಲಿ ನಿಪ್‌ಮಕ್ ಕುಲದ ಒಬ್ಬ ತರುಣನೂ ಇದ್ದನು. 1698ರಲ್ಲಿ ಕಟ್ಟಡವನ್ನು ಕೆಡವಿ ಅದರ ಇಟ್ಟಿಗೆಗಳನ್ನು ಬೇರೆ ಕಟ್ಟಡಕ್ಕೆ ಬಳಸಿದರು.

ಚರಿತ್ರೆಯನ್ನು ಹೇಳುವಾಗ ಅಪ್ರಿಯವಾದುದನ್ನೂ ಮರೆಮಾಚಬಾರದು. 2022ರಲ್ಲಿ ಹಾರ್ವರ್ಡ್ ತಾನೇ ಪ್ರಕಟಿಸಿದ ವರದಿಯ ಪ್ರಕಾರ, 1636ರಿಂದ 1783ರವರೆಗೆ ಅದರ ಅಧ್ಯಕ್ಷರು, ಅಧ್ಯಾಪಕರು ಮೊದಲಾದವರು 70ಕ್ಕೂ ಹೆಚ್ಚು ಮಂದಿಯನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಧಾನ್ಯ ಕೊಟ್ಟ ಕೈಗಳಂತೆ ಈ ಕೈಗಳೂ ಬಹುಕಾಲ ಮರೆಯಲ್ಲಿದ್ದವು. ತನ್ನ ದಫ್ತರಗಳನ್ನು ತಾನೇ ತೆರೆದು ತಪ್ಪನ್ನು ಒಪ್ಪಿಕೊಂಡುದು ಆ ಸಂಸ್ಥೆಗೆ ಶೋಭೆ ತಂದಿದೆ.

ಡನ್‌ಸ್ಟರನ ನಿರ್ಗಮನ

ಹದಿನಾಲ್ಕು ವರ್ಷ ದುಡಿದ ಡನ್‌ಸ್ಟರನಿಗೆ ದೊರೆತ ಪ್ರತಿಫಲವೇನು? ಶಿಶುಗಳಿಗೆ ದೀಕ್ಷಾಸ್ನಾನ ಸಲ್ಲದು, ತಿಳಿವಳಿಕೆ ಬಂದು ನಂಬುಗೆಯನ್ನು ತಾನೇ ಸಾರಿದವನಿಗೆ ಮಾತ್ರ ಅದು ಸಲ್ಲಬೇಕು ಎಂಬ ನಿಲುವಿಗೆ ಅವನು ಬಂದನು. 1653ರಲ್ಲಿ ತನಗೆ ಹುಟ್ಟಿದ ಮಗುವಿಗೆ ಆ ಸಂಸ್ಕಾರ ಮಾಡಿಸಲಿಲ್ಲ. ವಸಾಹತಿನಲ್ಲಿ ಅದು ಕ್ಷಮಿಸಲಾಗದ ಭಿನ್ನಮತ. ಮೌನವಾಗಿದ್ದರೆ ಪದವಿ ಉಳಿಯುತ್ತಿತ್ತು. ಅವನ ಅಂತಃಸಾಕ್ಷಿ ಒಪ್ಪಲಿಲ್ಲ. 1654ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟನು. ಹೆಂಡತಿಯೂ ಮಗುವೂ ಅಸ್ವಸ್ಥರಾಗಿರುವರೆಂದೂ ಚಳಿಗಾಲ ಕಳೆಯುವವರೆಗೆ ತಾನೇ ಕಟ್ಟಿಸಿದ ಮನೆಯಲ್ಲಿರಲು ಅವಕಾಶ ಬೇಕೆಂದೂ ಅವನು ಬೇಡಿಕೊಳ್ಳಬೇಕಾಯಿತು. ಮುಂದಿನ ಮಾರ್ಚಿನವರೆಗೆ ಅನುಮತಿ ದೊರೆಯಿತು. ಅನಂತರ ಪ್ಲಿಮತ್ ವಸಾಹತಿನ ಸಿಟ್ಯುಯೇಟ್ ಎಂಬ ಊರಿಗೆ ಹೋಗಿ ನೆಲೆಸಿ, 1659ರಲ್ಲಿ ಕಾಲವಶನಾದನು. ತನ್ನನ್ನು ಹೊರಕಳುಹಿಸಿದ ಊರಾದ ಕೇಂಬ್ರಿಡ್ಜಿನಲ್ಲಿಯೇ ತನ್ನ ದೇಹ ಮಣ್ಣಾಗಲಿ ಎಂಬುದು ಅವನ ಇಚ್ಛೆ; ಅದರಂತೆ ನಡೆಯಿತು.

ವಿದ್ಯಾಲಯವು ಮಾತ್ರ ಮುಚ್ಚಲಿಲ್ಲ. ಈಟನ್ ಹೋದಾಗ ಒಂದು ವರ್ಷ ಬಾಗಿಲು ಹಾಕಿದ್ದ ಸಂಸ್ಥೆ, ಡನ್‌ಸ್ಟರ್ ಹೋದಾಗ ಚಾರ್ಲ್ಸ್ ಚಾನ್ಸಿ ಎಂಬ ಹೊಸ ಅಧ್ಯಕ್ಷನೊಡನೆ ಮುಂದುವರಿಯಿತು. ತಾನಿಲ್ಲದೆಯೂ ನಡೆಯಬಲ್ಲ ಸಂಸ್ಥೆಯನ್ನು ಅವನು ಕಟ್ಟಿಹೋಗಿದ್ದನು.

ನಮ್ಮ ನಾಡಿನ ನಿದರ್ಶನ

ದೂರದ ಈ ಕಥೆಯನ್ನು ಓದುವಾಗ ನಮ್ಮ ನಾಡಿನ ಒಬ್ಬ ತ್ಯಾಗವೀರರ ನೆನಪಾಗದೆ ಇರದು. ಸಿರಸಂಗಿಯ ಲಿಂಗರಾಜ ದೇಸಾಯಿಯವರು (1861-1906) ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಉಯಿಲಿನ ಮೂಲಕ ಬಿಟ್ಟುಹೋದರು. ಅವರು ಲಿಂಗೈಕ್ಯರಾಗಿ ಹತ್ತು ವರ್ಷಗಳಾದ ಮೇಲೆ, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಒಂದು ಶಾಲೆಯ ರೂಪದಲ್ಲಿ ಆರಂಭವಾಯಿತು. ಅದರ ಮೊದಲ ಕಾಲೇಜು 1933ರಲ್ಲಿ ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನಿಟ್ಟರು. ಹಾರ್ವರ್ಡನಂತೆ ಅವರೂ ತಮ್ಮ ಹೆಸರಿನ ಕಾಲೇಜನ್ನು ಕಾಣಲಿಲ್ಲ. ಅಲ್ಲಿಯೂ ದಾನಿಯ ಹೆಸರಿನ ಹಿಂದೆ, ಅಧಿಕ ವೇತನದ ಆಸೆ ತೊರೆದು ಶಾಲೆಗಾಗಿ ಬಾಳನ್ನು ಸವೆಸಿದ ತರುಣ ಶಿಕ್ಷಕರ ದುಡಿಮೆ ಇತ್ತು. ದಾನಿ ಮತ್ತು ದುಡಿಯುವವ ಇಬ್ಬರೂ ಕೂಡಿದಾಗಲೇ ವಿದ್ಯಾಸಂಸ್ಥೆಗೆ ಉಸಿರು ಬರುತ್ತದೆ.

ಇಂಥ ಸ್ಮರಣ ಸಂಚಿಕೆಗಳ ಕೊನೆಯ ಪುಟಗಳಲ್ಲಿ ದಾನಿಗಳ ಹೆಸರುಗಳು ಅಚ್ಚಾಗುತ್ತವೆ. ದೊಡ್ಡ ದತ್ತಿಗಳನ್ನಿತ್ತ ಮಹನೀಯರ ಹೆಸರುಗಳು ಅಲ್ಲಿರುವುದು ಉಚಿತವೇ. ಅದರೊಡನೆ, ಒಂದು ಚೀಲ ಜೋಳವನ್ನೋ ಭತ್ತವನ್ನೋ ತಂದು ಹಾಕಿದ ರೈತನ ಹೆಸರು, ಗೋಡೆಗೆ ಕಲ್ಲು ಹೇರಿದ ಬಂಡಿಯವನ ಹೆಸರು, ಪ್ರಸಾದ ನಿಲಯದಲ್ಲಿ ರೊಟ್ಟಿ ಬಡಿದ ತಾಯಿಯ ಹೆಸರು, ತಡವಾದ ಸಂಬಳದಲ್ಲಿಯೂ ಪಾಠ ನಿಲ್ಲಿಸದ ಶಿಕ್ಷಕನ ಹೆಸರು ಇವೂ ಸಂಸ್ಥೆಯ ದಫ್ತರದಲ್ಲಿ ದಾಖಲಾಗಲಿ. ಮುನ್ನೂರೆಪ್ಪತ್ತು ವರ್ಷಗಳ ಹಿಂದಿನ ಉಗ್ರಾಣದ ಲೆಕ್ಕದ ಪುಸ್ತಕವೊಂದು ಹಾರ್ವರ್ಡಿನ ಬಡತನದ ದಿನಗಳನ್ನು ಇಂದಿಗೂ ಹೇಳುತ್ತಿದೆ. ನಮ್ಮ ಹಳ್ಳಿಗಳ ಶಾಲೆಗಳನ್ನು ಕಟ್ಟಿದವರ ಲೆಕ್ಕವನ್ನು ಬರೆದಿಡುವ ಹೊಣೆ ನಮ್ಮದು. ಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ ಆ ಕಾರ್ಯ ನೆರವೇರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.